ನಿನಿಯನ್ ಹೆಸರಿನ ವಿಸ್ಕಿ

ಐಲಾ ದ್ವೀಪದ ಹೊಗೆವಾಸನೆಯ ವಿಸ್ಕಿಯ ಕೊನೆಯ ಪೀಪಾಯಿಯನ್ನು ಎಲ್ಸ್‌ಪೆತ್ ಬೆರಕೆಯ ತೊಟ್ಟಿಗೆ ಬಗ್ಗಿಸಿದಳು. ಹೆಕ್ಟರ್ ಮಾಂಕರ್ ಇದರಲ್ಲೇ ಮುಳುಗಬೇಕು.

ಪರ್ತ್ ಪಟ್ಟಣದ ಈ ಅಂಗಡಿ, ಈ ನೆಲಮಾಳಿಗೆ, ಎರಡೂ ಅವಳ ಗಂಡ ನಿನಿಯನ್ ಕಟ್ಟಿದ್ದು. ಅವನನ್ನು ಮಣ್ಣು ಮಾಡುವ ಮೊದಲೇ ಪಾಲುದಾರ ಮಾಂಕರ್ ಫಲಕದಿಂದ ಅವನ ಹೆಸರನ್ನು ಹೆರೆಸಿ ಹಾಕಿದ್ದ. ಎಲ್ಸ್‌ಪೆತ್‌ಳನ್ನು ಮಾತ್ರ ಕೂಲಿಗೆ ಉಳಿಸಿಕೊಂಡ. ವಿಸ್ಕಿ ಬೆರೆಸುವ ಹದ ಗೊತ್ತಿದ್ದದ್ದು ಅವಳೊಬ್ಬಳಿಗೇ. ಮಾಂಕರ್ ಚಹಾದವನು; ಅಸ್ಸಾಮಿನ ಎಲೆಗೆ ಚೀನಾದ ಎಲೆ ಬೆರೆಸಿ, ಬೆಳಿಗ್ಗೆ ಬೆರೆಸಿದ್ದನ್ನು ಸಂಜೆಗೆ ಮಾರಿ ಮೇಲೆ ಬಂದವನು.

ಮಾಂಕರ್ ಮೆಟ್ಟಿಲಿಳಿದು ಬಂದ. "ಏನವ್ವಾ, ಮುಗೀತಾ? ನಾಳೆ ಡಂಡೀ ಊರಿನ ವರ್ತಕರು ಬರ್ತಾರೆ. ನಿನ್ ಗಂಡನ ಕೈಲಾಗದ್ದು ನನ್ ಕೈಲಾಯ್ತು ನೋಡು."

"ನಾಳೇನೇ ಕುಡಿಸ್ತೀರಾ, ಧಣಿ?"

"ಮತ್ತೆ? ಕಾವಿಗೆ ಕೂರಿಸಿ ಮರಿ ಮಾಡಿಸ್ಲಾ?"

"ನಿಮ್ಮಿಷ್ಟ. ನಿಮ್ಮ ಹೆಸರಿಗೆ ತಕ್ಕ ಹಾಗೇ ಇರುತ್ತೆ."

ಮರುದಿನ ವರ್ತಕ ಗಿಲ್‌ಕ್ರಿಸ್ಟ್ ಲೋಟವನ್ನು ಮೂಗಿಗೆ ಹಿಡಿದ. ಒಂದು ಗುಟುಕು ಬಾಯಿಗೆ ಹಾಕಿಕೊಂಡವನೇ ನೆಲದ ಮರದಪುಡಿಗೆ ಉಗಿದ. "ಥೂ! ಇದೇನ್ರೀ ಮಾಂಕರ್? ಹೊಗೆ ಒಂದ್ ಕಡೆ, ಉರಿ ಒಂದ್ ಕಡೆ! ಹೋಗಿ ಚಹಾ ಕಾಯ್ಸಿ."

ಉಳಿದವರು ಬಿದ್ದು ಬಿದ್ದು ನಕ್ಕರು. ಅವರು ಹೊರಟ ಮೇಲೆ ಮಾಂಕರ್ ನೆಲಮಾಳಿಗೆಗೆ ನುಗ್ಗಿದ.

"ಏನ್ ಬೆರೆಸ್ದೆ, ಪಾಪಿ?"

"ನಿಮ್ಮ ಮಾಲೇ, ಧಣಿ. ಎಲ್ಲಾ ಒಳ್ಳೇದೇ."

"ಈ ಕೊಚ್ಚೇನ ಪೀಪಾಯಿಗೆ ತುಂಬ್ಕೊಂಡು ತೊಲಗು! ಅದೇ ನಿನ್ ಕೂಲಿ."

ಎಲ್ಸ್‌ಪೆತ್ ಅದನ್ನೆಲ್ಲ ಪೀಪಾಯಿಗೆ ತುಂಬಿ ಗಾಡಿ ಕರೆಸಿದಳು.

ಮಾಂಕರ್ ಉಗಿಸಿಕೊಂಡ ಕಥೆ ಹೋಟೆಲಿನಿಂದ ಹೋಟೆಲಿಗೆ ಹಬ್ಬಿತು. ಅವನ ಚಹಾವನ್ನೂ ಜನ ಮೂಸಿ ನೋಡತೊಡಗಿದರು. ವರ್ಷ ತುಂಬುವುದರೊಳಗೆ ಅವನು ಬಾಗಿಲು ಹಾಕಿಕೊಂಡು ಊರು ಬಿಟ್ಟ. ಖಾಲಿ ಬಿದ್ದ ಅದೇ ನೆಲಮಾಳಿಗೆಯನ್ನು ಎಲ್ಸ್‌ಪೆತ್ ಬಾಡಿಗೆಗೆ ಹಿಡಿದಳು. ಫಲಕದಲ್ಲಿ ನಿನಿಯನ್ ಮತ್ತೆ ಮೂಡಿದ.

ವರ್ಷ ಕಳೆದ ಮೇಲೆ ಗಿಲ್‌ಕ್ರಿಸ್ಟ್ ಅಲ್ಲಿಗೂ ಬಂದ. ಕುಡಿದ. ಕಣ್ಣು ಮುಚ್ಚಿಕೊಂಡು ಇನ್ನೊಂದು ಗುಟುಕು ಹೀರಿದ.

"ಇದ್ದಷ್ಟೂ ನನಗೇ ಕೊಡಿ, ತಾಯಿ. ಯಾರಿಗೂ ಹೇಳಲ್ಲ, ಅವತ್ತು ಮಾಂಕರ್‌ನ ವಿಸ್ಕಿಗೆ ಎಂಥಾ ವಿಷ ಹಾಕಿದ್ರಿ?"

"ನೀವೀಗ ಕುಡಿದಿದ್ದು ಅದನ್ನೇ, ಸ್ವಾಮಿ. ಬೆರೆಸಿದ ವಿಸ್ಕಿ ಒಂದಕ್ಕೊಂದು ಹೊಂದ್ಕೊಳ್ಳೋಕೆ ಪೀಪಾಯೀಲಿ ವರ್ಷ ಮಲಗ್ಬೇಕು. ಅದೊಂದನ್ನ ಅವನಿಗೆ ಹೇಳ್ಲಿಲ್ಲ, ಅಷ್ಟೆ."