ಪಟ್ಟಿಯಲ್ಲಿಲ್ಲದ ಹೆಸರು

ಎವುಲಾಲಿಯಾಳ ಮಗಳು ನೆರೇಯ್ದಾ ಆಸ್ಪತ್ರೆಯಲ್ಲಿ ತೀರಿಕೊಂಡಳೆಂದು ತಿಳಿದ ದಿನ, ಟೆಕ್ಸಸ್ ಗಡಿಯ ಆ ಪುಟ್ಟ ಮನೆಯಲ್ಲಿ ಹೆಂಗಸರು ಜಪಸರ ಹಿಡಿದು ಕೂತಿದ್ದರು. ಮೇಜಿನ ಮೇಲೆ ನಾಳೆಯ ಕ್ಯಾನ್ಸರ್ ತಪಾಸಣಾ ವ್ಯಾನಿಗೆ ಬರುವ ಹೆಂಗಸರ ಪಟ್ಟಿ ಹಾಗೆಯೇ ಬಿದ್ದಿತ್ತು. ಗರ್ಭಕಂಠಕ್ಕೆ ವಿನೆಗರ್ ಸವರಿ, ಬೆಳಕು ಹಾಯಿಸಿ ಕ್ಯಾಮೆರಾದಲ್ಲಿ ನೋಡಿದರೆ ಕೆಡಲು ಹೊರಟ ಜಾಗ ಬೆಳ್ಳಗೆ ಕಾಣುತ್ತದೆಂದು ಹೇಳಿ ಮನೆಮನೆಯ ಹೆಂಗಸರನ್ನು ಒಪ್ಪಿಸುವುದು ಹನ್ನೊಂದು ವರ್ಷದಿಂದ ಎವುಲಾಲಿಯಾಳ ಕೆಲಸ.

"ನಾಳೆ ನೀನು ಹೋಗ್ಬೇಡ ಅಕ್ಕಾ," ಎಂದಳು ಪಕ್ಕದ ಮನೆಯ ಚೇಲೊ, ಕಾಫಿ ಮುಂದಿಡುತ್ತ. "ಹಂಗೇ ನನ್ನ ಮಗಳು ಯಾದಿರಾ ಹೆಸರು ಹೊಡೆದ್ಹಾಕ್ಬಿಡು. ಮದುವೆ ಆಗದ ಹುಡುಗಿ ಆ ವ್ಯಾನ್ ಹತ್ತಿದ್ರೆ ಊರ ಬಾಯಿಗೆ ನೀನು ಬೀಗ ಹಾಕ್ತೀಯಾ?"

ಎವುಲಾಲಿಯಾ ಪೆನ್ಸಿಲ್ ಎತ್ತಿಕೊಂಡಳು. ನೆರೇಯ್ದಾಳದು ಹೊಟ್ಟೆಯ ಗಡ್ಡೆ ಎಂದೇ ಅವಳು ಎಲ್ಲರಿಗೂ ಹೇಳಿದ್ದಳು. ಸುಮ್ಮನಿದ್ದರೆ ಆ ಸುಳ್ಳೂ ಮಗಳ ಜೊತೆಗೇ ಮಣ್ಣಾಗುತ್ತಿತ್ತು.

"ನನ್ನ ಮಗಳಿಗಿದ್ದದ್ದು ಗರ್ಭಕಂಠದ ಕ್ಯಾನ್ಸರೇ, ಚೇಲೊ. ಮದುವೆ ಆಗಿಲ್ಲ, ಜನ ಏನಂತಾರೋ ಅಂತ ಅವಳ ಹೆಸರು ಒಂದ್ಸಲಾನೂ ನಾನು ಬರೀಲಿಲ್ಲ."

ಜಪಸರಗಳು ನಿಂತವು. ಚೇಲೊ ಪಟ್ಟಿಯನ್ನು ತನ್ನತ್ತ ಎಳೆದುಕೊಂಡು ಯಾದಿರಾಳ ಹೆಸರಿನ ಮೇಲೆ ಬೆರಳಿಟ್ಟು, "ವ್ಯಾನು ಎಷ್ಟೊತ್ತಿಗೆ ಬರುತ್ತೆ?" ಎಂದಳು.

ಎವುಲಾಲಿಯಾ ಪೆನ್ಸಿಲ್ ಕೆಳಗಿಟ್ಟು ಶಿಲುಬೆಯ ಗುರುತು ಹಾಕಿಕೊಂಡಳು. "ಸ್ವಾಮೀ, ನನ್ನ ಮಗುವಿಗೆ ಶಾಂತಿ ಕೊಡು. ನಾನು ತೋರಿಸದ ಬೆಳಕನ್ನ ನೀನು ಅವಳ ಮೇಲೆ ಎಂದೆಂದಿಗೂ ಬೆಳಗಿಸು."