ಎಂಟರಿಂದ ವಿನಾಯಿತಿ

“ಅತ್ತಿಗೆ, ನೀವೇನೂ ಮಾತಾಡ್ಬೇಕಾಗಿಲ್ಲ. ಸುಮ್ನೆ ನಿಂತ್ಕೊಂಡಿದ್ರೆ ಸಾಕು,” ಎಂದು ಮೈದುನ ಕಚೇರಿಯ ಬಾಗಿಲಲ್ಲೇ ಪಿಸುಗುಟ್ಟಿದ. ನಿಲ್ಲುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಗಂಡ ಹೋದಮೇಲೆ ಬ್ಯಾಂಕಿರಲಿ, ವಿಮೆ ಕಚೇರಿಯಿರಲಿ, ಅವಳು ನಿಂತರೆ ಕೆಲಸ ಹೂವೆತ್ತಿದ ಹಾಗೆ ಆಗುತ್ತಿತ್ತು.

ಲೈಸೆನ್ಸ್ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು ಮೈದುನನನ್ನು ನೋಡಿದೊಡನೆ ನಕ್ಕರು. “ಮತ್ತೆ ಬಂದ್ಯಾ ಮಹಾರಾಯ? ಎರಡು ಸಲವೂ ಬೈಕಲ್ಲಿ ಎಂಟು ಹಾಕೋವಾಗ ಕಾಲೂರಿದೋನು ನೀನೇ ಅಲ್ವಾ?”

“ನೇರಕ್ಕೆ ಚೆನ್ನಾಗೇ ಓಡಿಸ್ತೀನಿ ಸಾರ್. ಆ ಎಂಟೊಂದು ಕೈ ಕೊಡುತ್ತೆ. ಅದಕ್ಕೊಂದು ವಿನಾಯಿತಿ ಕೊಡಿ. ಎಂಟರ ಥರ ರಸ್ತೆ ಎಲ್ಲಿದೆ ಹೇಳಿ?”

“ರಸ್ತೆ ಇರಲ್ಲಪ್ಪ. ತಿರುವು ಇರುತ್ತೆ.”

“ಸೋಮವಾರ ಕೊರಿಯರ್ ಕೆಲಸಕ್ಕೆ ಸೇರ್ಬೇಕು ಸಾರ್. ಲೈಸೆನ್ಸಿಲ್ಲ ಅಂದ್ರೆ ಬೇರೆಯವ್ರನ್ನ ತಗೋತಾರೆ. ಅಣ್ಣ ಹೋದ್ಮೇಲೆ ಮನೇಲಿ ದುಡಿಯೋರೇ ಇಲ್ಲ.” ಇಷ್ಟು ಹೇಳಿ ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಪರದೆ ಸರಿಸಿದಂತೆ ಅವನ ಹಿಂದೆ ಅವಳು ಕಂಡಳು. “ನಮ್ಮತ್ತಿಗೆ.”

ಅವಳ ಕತ್ತು ತಾನಾಗಿ ಬಾಗಿತು. ಒಣಗಿದ್ದ ಕಣ್ಣಿಗೆ ಕರ್ಚೀಫು ತಾನಾಗಿ ಹೋಯಿತು. ಹಾಗೆ ಮಾಡೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ಸ್‌ಪೆಕ್ಟರ ನಗು ನಿಂತಿತು. ಎಲ್ಲಿ ನೋಡುವುದೆಂದು ತಿಳಿಯದೆ ಅವರು ಕಿಟಕಿಯಾಚೆ ನೋಡಿದರು. ಅಂಗಳದಲ್ಲಿ ಮೈದುನನ ಗಾಡಿ ನಿಂತಿತ್ತು. ಮೈಯೆಲ್ಲ ಕಪ್ಪು, ಟ್ಯಾಂಕ್ ಮಾತ್ರ ಹೊಸದು, ಕೆಂಪು. ಹಳೆಯದು ಸೇತುವೆಯ ಗೋಡೆಗೆ ಬಡಿದು ಅಪ್ಪಚ್ಚಿಯಾಗಿತ್ತು. ಅಂದು ಗಾಡಿಯ ಮೇಲೆ ಅವಳ ಗಂಡನಿದ್ದ.

“ನಿಮ್ಮಣ್ಣ ಹೇಗೆ ಹೋದ್ರು?”

ಗಾಡಿಯ ಮಾತೆತ್ತಿದರೆ ಬಂದ ಕೆಲಸ ಕೆಡುತ್ತದೆಂದು ಮೈದುನನಿಗೆ ಗೊತ್ತಿತ್ತು. “ಹಾರ್ಟು ಸಾರ್,” ಎಂದ.

“ಅಯ್ಯೋ. ಹೌದೇನಮ್ಮ?”

ಹೇಳಬೇಕಾದದ್ದು ಒಂದೇ ಮಾತು. ಗಂಟಲಲ್ಲಿ ಎಲ್ಲೂ ತಡೆಯದೆ ಅದು ಬಂತು. “ಹೌದು.”

“ಹೋಗ್ಲಿ ಬಿಡು, ಎಂಟು ಬೇಡ. ಪಾಸು ಅಂತ ಹಾಕ್ತೀನಿ. ಊಟ ಮುಗಿಸಿ ಸಹಿ ಮಾಡಿ ಕಳಿಸ್ತೀನಿ,” ಎಂದರು ಇನ್ಸ್‌ಪೆಕ್ಟರು. ಮೈದುನ ಕೈಮುಗಿದು ಬಾಣದಂತೆ ಹೊರಗೆ ಹೋದ. ಅವಳೂ ಹೊರಟಾಗ ಅವರು ತಡೆದು, ತಮ್ಮ ಮನೆಯವರಿಗೇ ಹೇಳುವ ಹಾಗೆ ಮೆಲ್ಲಗೆ ಹೇಳಿದರು. “ಒಂದ್ಮಾತಮ್ಮ. ಅಷ್ಟು ಚಿಕ್ಕ ವಯಸ್ಸಲ್ಲಿ ಹಾರ್ಟ್ ಅಂದ್ರೆ ಅದು ರಕ್ತದಲ್ಲಿ ಬಂದಿರುತ್ತೆ. ಇವನನ್ನೂ ಒಂದ್ಸಲ ಡಾಕ್ಟರಿಗೆ ತೋರ್ಸಿ. ಇದ್ದೋನನ್ನ ಉಳಿಸ್ಕೊಳ್ಳಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಹತ್ತಿ ಅತ್ತಿಗೆ! ನೀವು ದೇವರು ಕಣ್ರೀ,” ಎಂದು ಹೊರಗೆ ಮೈದುನ ಕುಣಿಯುತ್ತಿದ್ದ. ಅವಳು ಹಿಂದೆ ಕೂತಳು. ಗೇಟಿನ ಬಳಿ ಬಲಕ್ಕೆ ತಿರುಗುವಾಗ ಗಾಡಿ ವಾಲಿತು. ಅವನು ಕಾಲೂರಿದ. ಶೂ ನೆಲಕ್ಕೆ ಉಜ್ಜಿಕೊಂಡು ಹೋಯಿತು. ಅಣ್ಣನ ಶೂ, ಒರೆಸಿ ಪಾಲಿಶ್ ಮಾಡಿ ಇವನಿಗೆ ಕೊಟ್ಟವಳು ಅವಳೇ.

“ನಿಲ್ಸು.”

“ಹೆದರಿಕೆನಾ? ಇನ್ನು ಲೈಸೆನ್ಸು ಬಂತಲ್ಲ ಅತ್ತಿಗೆ!”

“ಒಂದು ಮಾತು ಅಲ್ಲೇ ಬಿಟ್ಬಂದೆ.”

ಇನ್ಸ್‌ಪೆಕ್ಟರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಅವಳನ್ನು ಕಂಡು ಎದ್ದೇ ನಿಂತರು. “ಏನಮ್ಮ?”

ಹೊರಗೆ ಹಾರ್ನು ಎರಡು ಸಲ ಕೂಗಿತು. ಅವಳು ಕರ್ಚೀಫನ್ನು ಮುಷ್ಟಿಯೊಳಗೆ ಮುದುರಿ, ಕತ್ತೆತ್ತಿದಳು.

“ಹಾರ್ಟಲ್ಲ ಸಾರ್,” ಎಂದಳು. “ತಿರುವು.”