ಬಾಯಿತುಂಬ ನೀರು

ಹನ್ನೊಂದು ಹೊಡೆಯುವ ಮುಂಚೆ ವೆಲ್ಡಿಂಗ್ ಅಂಗಡಿಯ ಫಕ್ಕೀರಪ್ಪ ಎಂದಿನಂತೆ ಬಾಯಿತುಂಬ ನೀರು ತುಂಬಿಕೊಂಡ. ಓಣಿಯ ಎಲ್ಲರ ಬಾಯಲ್ಲೂ ನೀರೇ. ಹನ್ನೊಂದಕ್ಕೆ ಮೂಲೆಯ ಕಂಬ ದಿನಾ ಕೇಳುತ್ತದೆ: "ಇವತ್ತು ಯಾರನ್ನು ಒಯ್ಯೋಣ?" ಮೊದಲು ಯಾರ ಹೆಸರು ಅದರ ಕಿವಿಗೆ ಬಿತ್ತೋ ಅವರನ್ನು ವ್ಯಾನು ಒಯ್ಯುತ್ತದೆ. ಐದು ನಿಮಿಷ ಯಾರೂ ತುಟಿ ಬಿಚ್ಚದಿದ್ದರೆ ಖಾಲಿ ಹೋಗುತ್ತದೆ. ಬಂಗಲೆಗಳ ಕಡೆ ಇಂಥ ಕಂಬ ನೆಟ್ಟಿಲ್ಲ. ಅಲ್ಲಿಯವರು ಬೇಕಾದಷ್ಟು ಹರಟಬಹುದು.

ಫಕ್ಕೀರಪ್ಪನದು ಹುಟ್ಟಿನಿಂದಲೇ ಹಗುರ ಬಾಯಿ. "ನಿನ್ನ ನಾಲಿಗಿಗೂ ಒಂದು ವೆಲ್ಡಿಂಗ್ ಹೊಡಕೋಪಾ" ಎಂದು ಗೆಳೆಯ ಮಾಬುಸಾಬ ದಿನಾ ಕಾಡುತ್ತಿದ್ದ.

ಕಂಬ ಕೇಳಿತು. ಎದುರಿಗೆ ಕೂತ ಮಾಬು, ನೀರಿಗೆ ಉಬ್ಬಿದ ಕೆನ್ನೆಯಲ್ಲೇ, ತಲೆಗೆ ಮಸಿಬಟ್ಟೆ ಸುತ್ತಿ ಫಕ್ಕೀರಪ್ಪನ ಮಾವನ ಹಾಗೆ ಕತ್ತು ಕುಣಿಸಿದ.

ಫಕ್ಕೀರಪ್ಪನ ಬಾಯಿಂದ ನೀರು ಪುಸ್ಸೆಂದು ಹಾರಿತು. "ಲೇ ಮಾಬ್ಯಾ, ನಗಸಬ್ಯಾಡಲೇ!"

"ಹೆಸರು ಸಿಕ್ಕಿತು, ಧನ್ಯವಾದ," ಎಂದಿತು ಕಂಬ.

ಓಣಿಯವರೆಲ್ಲ ನೀರು ಉಗುಳಿ, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡರು. "ನನ್ನ ಒಯ್ರೋ, ನನ್ನ ಹೆಸರು ಬರಕೊಳ್ರೋ!" ಎಂದು ಫಕ್ಕೀರಪ್ಪ ಕಂಬಕ್ಕೆ ಹಣೆ ಜಜ್ಜಿಕೊಂಡ. ವ್ಯಾನು ಬಂದು ನಿಂತಿತು. ಮಾಬು ಮಾತ್ರ ಇನ್ನೂ ಕೆನ್ನೆ ಉಬ್ಬಿಸಿಕೊಂಡೇ ಕೂತಿದ್ದ, ಉಗುಳದಿದ್ದರೆ ಹನ್ನೊಂದು ಗಂಟೆ ಮುಗಿಯುವುದೇ ಇಲ್ಲ ಎನ್ನುವ ಹಾಗೆ.